ಕಿಲ್ಬರ್ನ್‌ನಲ್ಲಿ ನವಾಹೊ ಕಾನೂನು

ಫೋರ್ಟಿಟ್ಯೂಡ್ ವ್ಯಾಲಿಯ ನಮ್ಮ ಆಫೀಸಿನ ಲಿಫ್ಟಿನಲ್ಲಿ ಇವತ್ತು ಬೆಳಿಗ್ಗೆ ಯಾರೋ ಹುರಿದ ಕೊತ್ತಂಬರಿ ಬೀಜದ ವಾಸನೆ ಬಿಟ್ಟುಹೋಗಿದ್ದರು. ಇಳಿಯುವುದನ್ನೇ ಮರೆತು ಎರಡು ಸಲ ಮೇಲೆ ಕೆಳಗೆ ಓಡಾಡಿದೆ. ಎರಡೇ, ಡೈರಿಯಲ್ಲಿ ಬರೆದಿದ್ದೇನೆ.

ವರ್ಷಗಳ ಹಿಂದೆ ನಾನಿದ್ದ ಅಡಿಲೇಡಿನ ಕಿಲ್ಬರ್ನ್‌ನಲ್ಲಿ ಜಯಣ್ಣ ಅಂಕಲ್‌ ಅವರ ಸಾಂಬಾರ್ ಪುಡಿಯ ಶೆಡ್ಡಿಗೂ ಇದೇ ವಾಸನೆಯಿತ್ತು. ಕಾನೂನು ಓದುತ್ತಲೇ ನಾನು ಅಲ್ಲಿ ಪ್ಯಾಕೆಟ್ ತುಂಬುತ್ತಿದ್ದೆ. ಆ ಊರಿನಲ್ಲಿ ಬಾಯಿ ತುಂಬ ಕನ್ನಡ ಆಡಲು ನನಗಿದ್ದ ಜಾಗ ಅದೊಂದೇ.

ಒಂದು ತಿಂಗಳು ಕಾಲೇಜಿಗೆ ಅಮೆರಿಕದ ನವಾಹೊ ಬುಡಕಟ್ಟಿನ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಅವರಿಗೆ ಸ್ವಂತ ಸರ್ಕಾರ, ಸ್ವಂತ ಕಾರ್ಮಿಕ ಕಾನೂನು. ಕೆಲಸಕ್ಕೆ ತಮ್ಮವರಿಗೇ ಮೊದಲ ಆದ್ಯತೆ. ಸೇರಿಸಿಕೊಂಡ ಮೇಲೆ ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ, ಆ ಕಾರಣವನ್ನೂ ಬರೆದೇ ಕೊಡಬೇಕು. ನನಗೆ ಹುಚ್ಚೇ ಹಿಡಿಯಿತು. ಆ ವಾರದ ಡೈರಿಯಲ್ಲಿ ‘ನವಾಹೊ’ ನಲವತ್ತೊಂದು ಸಲ ಬಂದಿದೆ. ನಗಬೇಡಿ, ಎಣಿಸಿದ್ದೇನೆ.

ಅದೇ ವಾರ ಅಂಕಲ್ ನೆಲ ನೋಡುತ್ತ, “ನಾಳೆಯಿಂದ ಬರ್ಬೇಡಮ್ಮ ಸ್ಮಿತಾ” ಅಂದರು.

ಈ ದೇಶದ ಕಾನೂನೂ ಓದಿದ್ದೆ. ಬಾಯಿಗೆ ಬಂದದ್ದು ಮಾತ್ರ ಇನ್ನೊಂದು. “ನವಾಹೊ ಕಾನೂನಿನ ಪ್ರಕಾರ ಕಾರಣ ಬರ್ದು ಕೊಡ್ಬೇಕು ಅಂಕಲ್.”

“ಹೌದಾ? ಹೊಸದಾ?” ಅಂಕಲ್ ಗಾಬರಿಯಿಂದ ಲೇಬಲ್ಲಿನ ಹಿಂಭಾಗ ತಿರುಗಿಸಿ, ‘ಲೇಟಾಗಿ ಬರ್ತಾಳೆ’ ಎಂದು ಬರೆದರು.

ಡೈರಿ ತೆರೆದೆ. “ನಾನು ಎರಡು ಸಲ. ನೀವು ಒಂಬತ್ತು.”

ಹೊಡೆದುಹಾಕಿದರು. ‘ಮಾತು ಜಾಸ್ತಿ.’ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವರ ಹೆಂಡತಿ ಸರೋಜಾ ಆಂಟಿ, “ಹಾಗಾದ್ರೆ ಮೊದ್ಲು ನನ್ನ ತೆಗೀರಿ” ಅಂದರು. ಅದೂ ಹೋಯಿತು. ಕೊನೆಗೆ ಅಂಕಲ್ ಬೆವರುತ್ತ ನಿಜ ಬರೆದರು: ‘ಪರ್ತ್‌ನಿಂದ ಅಕ್ಕನ ಮಗಳು ಬರ್ತಿದಾಳೆ.’

ಆಂಟಿ ಅದನ್ನು ಗಟ್ಟಿಯಾಗಿ ಓದಿದರು. ಮೂವರಿಗೂ ನಗು ತಡೆಯಲಿಲ್ಲ. ನಾನು ತಪ್ಪೊಪ್ಪಿಕೊಂಡೆ: “ಅದು ಅಮೆರಿಕದ್ದು ಅಂಕಲ್, ಇಲ್ಲಿ ನಡೆಯಲ್ಲ.”

“ಎಲ್ಲಿಯದಾದ್ರೇನು? ಬರೆದ್ಮೇಲೆ ನಂಗೇ ನಾಚ್ಕೆ ಆಗ್ತಿದೆ. ನಾಳೆ ಬಾ. ಅವಳೂ ಬರ್ಲಿ, ಹುರಿಯೋಕೆ ಜನ ಬೇಕು.”

ಈಗ ನಾನಿರುವುದು ಎಚ್.ಆರ್. ವಿಭಾಗದಲ್ಲಿ. ಮಧ್ಯಾಹ್ನ ಮ್ಯಾನೇಜರ್ ಬಂದು, ಹೊಸ ಹುಡುಗಿಗೆ ನಾಳೆಯಿಂದ ಬೇಡವೆಂದು ಫೋನಿನಲ್ಲೇ ಹೇಳಿಬಿಡು ಅಂದರು. ಹಿಂದೆಲ್ಲ ಹೇಳಿಬಿಟ್ಟಿದ್ದೇನೆ, ನಾಲ್ಕು ಸಲ. ಇವತ್ತು ಅವರ ಮುಂದೆ ಖಾಲಿ ಹಾಳೆ ಇಟ್ಟು, ಕಾರಣ ಬರೆದುಕೊಡಿ ಅಂದೆ. ಏಳು ನಿಮಿಷ ಹಾಳೆಯನ್ನೇ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಅವಳನ್ನು ಯಾವ ಟೀಮಿಗೆ ಹಾಕಬಹುದು ಎಂದು ಕೇಳಿದರು.