ಏಳು ಮನೆಗಳ ಬಾಣಂತಿ ಜ್ವರ

೧೯೩೪ರ ಚಳಿಗಾಲದಲ್ಲಿ ಧಾರವಾಡದ ಹೊಸಯಲ್ಲಾಪುರ, ಸಪ್ತಾಪುರಗಳಲ್ಲಿ ಏಳು ಮಂದಿ ಬಾಣಂತಿಯರಿಗೆ ಜ್ವರ ಬಂತು. ಇಬ್ಬರು ಉಳಿಯಲಿಲ್ಲ. ಊರಿನ ಬಾಣಂತಿಯರ ಆರೈಕೆ ನೋಡಿಕೊಳ್ಳುತ್ತಿದ್ದ ಮಾತೃಮಂಗಲ ಸಂಘದ ಸಭೆ ಹೆಚ್ಚು ಹೊತ್ತು ನಡೆಯಲಿಲ್ಲ. ಏಳರಲ್ಲಿ ಮೂರು ಹೆರಿಗೆ ಮಾಡಿಸಿದವಳು ಮೌಲಾಬಿ, ಅಕ್ಷರ ಬಾರದ ಅರವತ್ತರ ಸೂಲಗಿತ್ತಿ. ಇನ್ನು ಮುಂದೆ ಅವಳನ್ನು ಯಾರೂ ಕರೆಯಕೂಡದೆಂದು ಡಂಗುರ ಸಾರಿಸಲು ಠರಾವಾಯಿತು.

ಸಂಘದ ನರ್ಸು ಇಂದೂಬಾಯಿ ಮಾತ್ರ ಎದ್ದು ನಿಂತಳು. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡವಳು ಅವಳು. ಅಣ್ಣ, ನೆಂಟರ ಮಾತಿಗೆ ಕಿವಿಗೊಡದೆ, ಪುಣೆಗೆ ಕಳಿಸಿ ಓದಿಸಿದ್ದ. ಆರು ವರ್ಷಗಳಿಂದ ಊರಿನ ಬಾಣಂತಿಯರನ್ನು ಮನೆಮನೆಗೆ ಹೋಗಿ ನೋಡುತ್ತಿದ್ದಳು. ಹೆರಿಗೆ ಮಾಡಿಸಿದವರು ಯಾರು, ಹೊಕ್ಕುಳಬಳ್ಳಿ ಯಾವುದರಿಂದ ಕೊಯ್ದರು, ಜ್ವರ ಎಂದು ಬಂತು ಎಂಬುದನ್ನೆಲ್ಲ ಯಾರೂ ಕೇಳದಿದ್ದರೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದಳು.

"ಒಂದು ವಾರ ತಡೀರಿ, ಸಾಹೇಬ್ರ," ಎಂದಳು ಸಂಘದ ಡಾಕ್ಟರು ಬಿಂದುಮಾಧವರಿಗೆ. "ಉಳಿದ ನಾಲ್ಕು ಮನಿಗೆ ಮೌಲಾಬಿ ಕಾಲಽ ಇಟ್ಟಿಲ್ಲ. ಅಲ್ಲಿ ಜ್ವರಾ ಹ್ಯಾಂಗ ಬಂತು?"

ಡಾಕ್ಟರು ಒಪ್ಪಿದರು. ಇಂದೂಬಾಯಿ ಏಳೂ ಮನೆಗಳಿಗೆ ಮತ್ತೆ ಹೋದಳು. ಕೊನೆಯದು ಸಪ್ತಾಪುರದ ಗೌರಕ್ಕನ ಮನೆ. ಅವಳ ಹಿರಿಯ ಮಗಳನ್ನು ಹೆಬ್ಬಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹುಡುಗಿ ಒಂಬತ್ತನೆಯ ದಿನ ತೀರಿಕೊಂಡಿದ್ದಳು.

"ನೀವು ನೋಡಿ ಹೋದ ಮರುದಿನಾನ ಚಳಿ ಹತ್ತಿತ್ರಿ, ಬಾಯಾರ," ಎಂದಳು ಗೌರಕ್ಕ. "ಆವತ್ತ ನಿಮ್ಮ ಗಂಟಲಾನೂ ಕಟ್ಟಿತ್ತಲ್ಲ. ಶುಂಠಿ ಕಷಾಯಾ ಕೊಟ್ಟಿದ್ದೆ, ನೆನಪೈತೇನ್ರಿ?"

ಇಂದುವಿಗೆ ನೆನಪಿತ್ತು. ಕೋಣೆಗೆ ಬಂದವಳೇ ವಹಿ ತೆರೆದು ಕುಳಿತಳು. ಏಳು ಮನೆಗಳಲ್ಲಿ ಹೆರಿಗೆ ಮಾಡಿಸಿದವರು ನಾಲ್ವರು ಬೇರೆ ಬೇರೆ ಹೆಂಗಸರು. ಆದರೆ ಜ್ವರ ಬರುವ ಮುಂಚೆ ಏಳೂ ಬಾಣಂತಿಯರನ್ನು ಮುಟ್ಟಿ ನೋಡಿದವಳು ಒಬ್ಬಳೇ. ತಾನು ಬೆಳಗಾವಿಗೆ ಅಣ್ಣನ ಮನೆಗೆ ಹೋಗಿದ್ದ ಹದಿನೈದು ದಿನ ಊರಲ್ಲಿ ಒಂದು ಜ್ವರವೂ ಇರಲಿಲ್ಲ.

ಅವಳು ಮೊದಲಿನಿಂದ ಮತ್ತೊಮ್ಮೆ ಎಣಿಸಿ ನೋಡಿದಳು. ಮರುದಿನವೆಲ್ಲ ಯಾರಿಗೂ ಹೇಳಲಿಲ್ಲ, ಊಟ ಮಾಡಲಿಲ್ಲ, ಯಾವ ಬಾಣಂತಿಯ ಮನೆಗೂ ಹೋಗಲಿಲ್ಲ. ಮೂರನೆಯ ದಿನ ವಹಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

ಅವರು ಎರಡು ಸಲ ಓದಿದರು. "ಇದನ್ನ ಮತ್ಯಾರು ನೋಡ್ಯಾರ?"

"ಯಾರೂ ಇಲ್ಲ."

"ಇಂದೂಬಾಯಿ, ನಿಮ್ಮ ನೌಕರಿ ಹೋದೀತು."

"ಹೋಗ್ಲಿ. ಮೊದಲ ಆ ಡಂಗುರಾ ನಿಲ್ಲಿಸ್ರಿ."

ಈ ಜ್ವರದ ಕ್ರಿಮಿ ಗಂಟಲಲ್ಲಿದ್ದು ಉಸಿರು, ಮಾತಿನೊಂದಿಗೆ ಹರಡಬಹುದೆಂದು ಡಾಕ್ಟರು ಓದಿದ್ದರು; ಹತ್ತಿ ಸುತ್ತಿದ ಕಡ್ಡಿಯಿಂದ ಅವಳ ಗಂಟಲನ್ನು ಸವರಿದರು. ಮೌಲಾಬಿಯನ್ನು ಕರೆಸಿ ಅವಳದನ್ನೂ, ಕನ್ನಡಿ ಹಿಡಿದು ತಮ್ಮದನ್ನೂ ಸವರಿದರು. ಮೂರೂ ಕಡ್ಡಿಗಳು ಪರೀಕ್ಷೆಗೆಂದು ಮುಂಬಯಿಗೆ ಹೋದವು.

ಹನ್ನೆರಡನೆಯ ದಿನ ಉತ್ತರ ಬಂತು. ಬಾಣಂತಿ ಜ್ವರದ ಕ್ರಿಮಿ ಇಂದುವಿನ ಗಂಟಲಲ್ಲಿತ್ತು, ಉಳಿದವರಲ್ಲಿ ಇರಲಿಲ್ಲ. ಓದಿದಾಗ ತಾನು ಕುಸಿದು ಬಿದ್ದೇನೆಂದು ಅವಳು ಹೆದರಿದ್ದಳು. ಹಾಗಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿ ಒಳಗಿಳಿಯಿತು. ಕಾರಣ ತಿಳಿಯಿತು, ಇನ್ನು ತಡೆಯಬಹುದು.

ಸಭೆಯಲ್ಲಿ ಅವಳೇ ಎಲ್ಲವನ್ನೂ ಓದಿ ಹೇಳಿದಳು. ಠರಾವು ರದ್ದಾಗಿ, ಹೆರಿಗೆಗೆ ಹೋಗುವವರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ನಿಶ್ಚಯವಾಯಿತು. ಗಂಟಲು ಶುದ್ಧವಾಗುವವರೆಗೆ ಅವಳು ಬಾಣಂತಿಯರ ಬಳಿ ಸುಳಿಯಬಾರದು, ಬರವಣಿಗೆಯ ಕೆಲಸ ಮಾಡಲಿ ಎಂದರು. ಶುದ್ಧವಾಗಲು ಎರಡು ತಿಂಗಳು ಹಿಡಿಯಿತು; ಅಷ್ಟರಲ್ಲಿ ನಲವತ್ತೊಂದು ಹೆರಿಗೆಗಳಾದವು. ಒಬ್ಬರಿಗೂ ಜ್ವರ ಬರಲಿಲ್ಲ.

ಮೌಲಾಬಿ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ಕುಳಿತಳು. "ನೀವು ಸುಮ್ಮ ಕುಂತಿದ್ರ ಯಾರಿಗೂ ತಿಳೀತಿದ್ದಿಲ್ರಿ, ಬಾಯಾರ. ನನ್ನ ಮ್ಯಾಲೆ ಬಂದ ಅಪವಾದ ನನ್ನ ಮ್ಯಾಲೇ ಉಳೀತಿತ್ತು."

"ನಿಮ್ಮ ಮುಂದ ಏನ ಹೇಳಲಿ, ಮೌಲಾಬಿ?"

"ಹೇಳೂದು ಬ್ಯಾಡ್ರಿ. ಬಾಯಿಗೆ ಅರಿವಿ ಕಟಗೊಂಡು ಹೋಗಬೇಕಂತಲ್ಲ, ಹ್ಯಾಂಗ ಕಟ್ಟೂದು ತೋರಸ್ರಿ. ಮಂದಿ ನಕ್ರ ನಗಲಿ."

ಮಂದಿ ನಕ್ಕರು. ಆದರೆ ವರ್ಷ ಕಳೆಯುವುದರೊಳಗೆ ಊರಿನ ಸೂಲಗಿತ್ತಿಯರೆಲ್ಲ ಕುದಿಸಿದ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಂಡೇ ಹೆರಿಗೆಗೆ ಹೋಗತೊಡಗಿದರು. ಕಲಿಸುವವಳು ಇಂದು, ಕಲಿಯದವರನ್ನು ಬೈಯುವವಳು ಮೌಲಾಬಿ. ಮುಂದೆ ಇಂದೂಬಾಯಿ ಹಳ್ಳಿಹಳ್ಳಿ ತಿರುಗಿ ಸಾವಿರಾರು ಹೆರಿಗೆಗಳ ವಿವರ ಕೂಡಿಸಿದಳು. ೧೯೪೨ರ ಹೊತ್ತಿಗೆ ಸುತ್ತಲಿನ ತಾಲೂಕುಗಳ ಸೂಲಗಿತ್ತಿಯರ ತರಬೇತಿಯೆಲ್ಲ ಅವಳ ಕೈಯಲ್ಲಿತ್ತು.

ಆದರೆ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಠರಾವು ರದ್ದಾದ ಆ ಸಭೆಗೂ ಮೊದಲು ಗೌರಕ್ಕನ ಮನೆಗೆ ಹೋಗಿ ನಿಜ ಹೇಳಿದ್ದು. ಗೌರಕ್ಕ ಕೇಳಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಮೂರು ವರ್ಷ ದಾರಿಯಲ್ಲಿ ಎದುರಾದರೂ ಮಾತಿರಲಿಲ್ಲ.

ನಾಲ್ಕನೆಯ ವರ್ಷ ಗೌರಕ್ಕ ತಾನೇ ಸಂಘಕ್ಕೆ ಬಂದಳು. "ಸಣ್ಣ ಮಗಳು ಹೆರಿಗಿಗೆ ಬಂದಾಳ್ರಿ. ನೀವಽ ಬರ್ರಿ. ಖರೇ ಹೇಳೂ ಮಂದಿ ಬೇಕ ನನಗ."

ಗಂಡು ಮಗು ಹುಟ್ಟಿತು. ಹತ್ತು ದಿನವೂ ಇಂದೂಬಾಯಿ ಹೋಗಿ ಜ್ವರವೇನಾದರೂ ಬಂತೇ ಎಂದು ನೋಡಿದಳು. ಹತ್ತನೆಯ ದಿನ ಬಾಣಂತಿ ಬಿಸಿಲಲ್ಲಿ ಕುಳಿತು ತಲೆ ಒಣಗಿಸಿಕೊಳ್ಳುತ್ತ ಹಸಿವೆಯೆಂದು ತಾಯಿಯ ಮೇಲೆ ಸಿಡುಕುತ್ತಿದ್ದಳು. ಗೌರಕ್ಕ ಮಗಳಿಗೂ ಇಂದುವಿಗೂ ಊಟಕ್ಕೆ ತಾಟು ಹಾಕಿದಳು.