ಮೂರು ತಾಸಿನಾಚೆಗಿನ ಗಿರಾಕಿ

ಗಂಡ ತೀರಿಕೊಂಡ ಮೇಲೆ ಇದ್ದತ್ತಿಗೆ ಕೂತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವ ಹಾಗಿಲ್ಲ. ಹಳಿಯಾಳದ ಖೈರುನ್ನಿಸಾ ಹಾಗೆ ಒಳಗೆ ಕೂತಿದ್ದಾಗಲೇ ಅವಳ ಮೈದುನ ಅಬ್ದುಲ್ ರಜಾಕ ಅಂಗಡಿಯನ್ನು ನುಂಗಿ ನೀರು ಕುಡಿದ.

ಕಚೇರಿ ರಸ್ತೆಯಲ್ಲಿದ್ದ ಆ ಬಾಡಿಗೆ ಸೈಕಲ್ಲಿನ ಅಂಗಡಿಯನ್ನು ಅಣ್ಣತಮ್ಮ ಕೂಡಿಯೇ ಹಾಕಿದ್ದರು. ದುಡಿಮೆ, ಲೆಕ್ಕ ಎರಡೂ ಅಣ್ಣ ವಜೀರನದು. ರಜಾಕನದು ಗಲ್ಲೆಯ ಮುಂದೆ ಕೂತು ಎಲೆ ಜಗಿಯುವ ಕೆಲಸ. ವಜೀರ ಚಳಿಜ್ವರದಲ್ಲಿ ಹೋದ. ಒಂದು ಮುಂಜಾನೆ ಖೈರುನ್ನಿಸಾಳ ತಾಯಿ ಬೀಬಿಜಾನ ಪೇಟೆಯಿಂದ ಬಂದವಳೇ ಗೋಡೆಗೆ ಒರಗಿ ಕೂತುಬಿಟ್ಟಳು.

"ಬೋರ್ಡಿನ್ಯಾಗ ಅಳಿಯನ ಹೆಸರು ಕೆರದು ತೆಗಸ್ಯಾನವ್ವ. ಈಗ ಬರೇ ಅವಂದ ಐತಿ."

ಇದ್ದತ್ತು ಮುಗಿದ ಮರುದಿನ ಜಮಾತಿನ ಹಿರಿಯರು ಸೇರಿದರು. ಖೈರುನ್ನಿಸಾ ಪರದೆಯ ಹಿಂದೆ ನಿಂತು ಕೇಳಿಸಿಕೊಂಡಳು. ಸೈಕಲ್ಲುಗಳೆಲ್ಲ ತನ್ನ ದುಡ್ಡಿನವು ಎಂದು ರಜಾಕ ಆಣೆ ಮಾಡಿದ. ಕೊನೆಗೆ ತುಕ್ಕು ಹಿಡಿದ ಎರಡು ಸೈಕಲ್ಲು ಬಿಟ್ಟುಕೊಡಲು ಒಪ್ಪಿದ. ಏಳುವಾಗ ನಕ್ಕು ಅಂದ: "ಭಾಭಿಗೆ ಒಲಿ ಮುಂದಿನ ಲೆಕ್ಕ ಸಾಕ್ರಿ. ಅಂಗಡಿ ಲೆಕ್ಕ ಹೆಂಗಸರ ತಲ್ಯಾಗ ಹಿಡಿಯೂದಿಲ್ಲ." ಹಿರಿಯರೂ ನಕ್ಕರು. ಸೈಕಲ್ಲು ಹೋಗಿದ್ದನ್ನು ಅವಳು ಎಂದಾದರೂ ಮರೆಯುತ್ತಿದ್ದಳೇನೋ. ಆ ನಗೆಯನ್ನು ಮಾತ್ರ ಮರೆಯಲಿಲ್ಲ.

ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಹಿತ್ತಲಲ್ಲಿ ಗಂಡ ಪಂಕ್ಚರ್ ಹಚ್ಚುವಾಗ ಜೊತೆಗೆ ಕೂತು ಅದನ್ನೂ ಕಲಿತಿದ್ದಳು. ಒಂದು ಮಧ್ಯಾಹ್ನ ಹುಣಸೆಬೀಜ ತಂದು ಚಾಪೆಯ ಮೇಲೆ ಸುರುವಿಕೊಂಡಳು. ರಜಾಕ ಇನ್ನೂ ವಜೀರ ಇಟ್ಟ ದರದಲ್ಲೇ ನಡೆಸುತ್ತಿದ್ದ: ಮೊದಲ ತಾಸಿಗೆ ಎರಡಾಣೆ, ಆಮೇಲಿನ ಪ್ರತಿ ತಾಸಿಗೆ ಒಂದಾಣೆ. ಹಾಗಾದರೆ ಒಂದೇ ಸೈಕಲ್ಲನ್ನು ಆರು ಮಂದಿ ಒಬ್ಬರಾದ ಮೇಲೊಬ್ಬರು ಒಂದೊಂದು ತಾಸು ಒಯ್ದರೆ ಅವನಿಗೆ ಬರುವುದೆಷ್ಟು? ಆರು ಸಲ ಎರಡೆರಡು ಬೀಜ ಇಟ್ಟಳು. ಹನ್ನೆರಡು. ಅದನ್ನೇ ಒಬ್ಬನೇ ಆರು ತಾಸು ಒಯ್ದರೆ? ಮೊದಲು ಎರಡು, ಮುಂದಿನ ಐದು ತಾಸಿಗೆ ಐದು. ಏಳು. ಆ ಏಳಾಣೆಯ ಗಿರಾಕಿ ದಾಂಡೇಲಿಯ ಕಾಡುದಾರಿ ಹಿಡಿದು, ಮುಳ್ಳು ಕಲ್ಲಿನ ಮೇಲೆ ಟೈರು ತಿಕ್ಕಿಕೊಂಡು ಬರುವವನು. ಹನ್ನೆರಡಾಣೆ ಕೊಡುವವರು ಕಚೇರಿಗೆ, ಸಂತೆಗೆ ಹೋಗಿ ಬರುವ ಮಂದಿ.

"ರಜಾಕನ ಅನ್ನ ಎಲ್ಲಿಂದ ಬರತೈತಿ ಗೊತ್ತಾತವ್ವ" ಅಂದಳು.

ವಾರದೊಳಗೆ ಮನೆಯ ಕಟ್ಟೆಯ ಮೇಲೆ ಎರಡು ಸೈಕಲ್ಲು ಎಣ್ಣೆ ಕುಡಿದು ನಿಂತವು. ಬೀಬಿಜಾನ ಹೊರಗೆ ಕೂತಳು, ಮಗಳು ಪರದೆಯ ಹಿಂದೆ. ಅವಳ ದರ ತಿರುವುಮುರುವು: ಮೊದಲ ಎರಡು ತಾಸಿಗೆ ಒಂದೊಂದಾಣೆ, ಮೂರನೆಯದರಿಂದ ಮುಂದೆ ತಾಸಿಗೆ ಎರಡಾಣೆ.

"ಮ್ಯಾಲ ಏರಿಸಿದ್ರ ದೂರದ ಗಿರಾಕಿ ಯಾವ ಬರ್ತಾನ?" ತಾಯಿ ಕೇಳಿದಳು.

"ಬರಬಾರದು ಅಂತನ ಏರ್ಸೀನಿ."

ಮೊದಲ ದಿನವೇ ಮಿಂಗೇಲ್ ಬಂದ. ಕಟ್ಟಿಗೆ ಡಿಪೋದಲ್ಲಿ ದುಡಿಯುವ ಸಿದ್ದಿ ಜನಾಂಗದವ, ನಂಬಿಗಸ್ತ ಮನುಷ್ಯ. "ದಾಂಡೇಲಿಗೆ ಹೋಗಿ ಬರಬೇಕ್ರಿ ಬೀಬೀ. ಆರು ತಾಸು ಹಿಡೀತದ. ಎಷ್ಟಾಗ್ತದ?"

"ಮೊದಲಿನ ಎರಡು ತಾಸಿಗೆ ಎರಡಾಣೆ, ಮುಂದಿನ ನಾಲ್ಕಕ್ಕ ಎಂಟು. ಒಟ್ಟ ಹತ್ತಾಣೆ, ಮಿಂಗೇಲಣ್ಣ. ರಜಾಕನ ಕಡೆ ಏಳ ಆಗತೈತಿ. ಅಲ್ಲೇ ಹೋಗು." ಪರದೆಯ ಹಿಂದಿನಿಂದ ಖೈರುನ್ನಿಸಾಳ ದನಿ ಬಂತು.

ಮಿಂಗೇಲ್ ಬೆರಗಾದ. "ವೈರಿ ಅಂಗಡಿಗೆ ಕಳಸ್ತೀರೇನು?"

"ಮೂರು ತಾಸಿಗೆ ಇಬ್ಬರದೂ ನಾಲ್ಕಾಣೆ. ಅದಕ್ಕಿಂತ ಕಡಿಮಿ ಇದ್ರ ನನ್ನ ಕಡೆ ಬಾ. ಹೆಚ್ಚಿದ್ರ ಅವನ ಕಡೆ ಹೋಗು. ಡಿಪೋದ ಮಂದಿಗೂ ಹೇಳು."

ಮಿಂಗೇಲ್ ಹೇಳಿದ. ಊರಿಗೆಲ್ಲ ಆ ಲೆಕ್ಕ ಬಾಯಿಪಾಠವಾಯಿತು. ಕಚೇರಿಯ ಸಿಪಾಯಿ ಶೇಖಪ್ಪ, ಮುದ್ರಾಂಕ ಕೊಳ್ಳಲು ಬಂದವರು, ಸಂತೆಯವರು ಎಲ್ಲ ಬೀಬಿಜಾನಳ ಕಟ್ಟೆಗೆ. ಕಾಡುದಾರಿಯವರೆಲ್ಲ ರಜಾಕನಿಗೆ. ಅಂಗಡಿ ತುಂಬ ಗಿರಾಕಿ ಕಂಡು ಅವನು ಮೊದಮೊದಲು ಹಿಗ್ಗಿದ. ತಿಂಗಳ ಕೊನೆಗೆ ಗಲ್ಲೆ ಹಗುರಾದಾಗ ಸಿಟ್ಟಿಗೆದ್ದು ಮೊದಲ ತಾಸನ್ನೂ ಒಂದಾಣೆಗೆ ಇಳಿಸಿದ. ಈಗ ಎರಡು ತಾಸಿನವರೆಗೆ ಇಬ್ಬರದೂ ಸಮ, ತಡವಾದರೆ ಅವನದೇ ಅಗ್ಗ; ಹತ್ತಿರದವರೂ ಅವನಲ್ಲಿಗೆ ಹೋದರು. ಖೈರುನ್ನಿಸಾಳ ಕಟ್ಟೆ ಬರಿದಾಯಿತು.

ತಾಯಿ ಮಗಳು ರವಕೆ ಹೊಲಿದು, ಗಂಜಿ ಕುಡಿದು ದಿನ ತಳ್ಳಿದರು. "ನಾವೂ ಇಳಸೂಣು" ಎಂದು ಬೀಬಿಜಾನ ಅತ್ತಳು. ಮಗಳು ಒಪ್ಪಲಿಲ್ಲ. "ಆರು ತಾಸಿಗೆ ಆರಾಣೆ ತಗೊಂಡು ಕಾಡಿಗೆ ಸೈಕಲ್ ಬಿಡಾಕತ್ಯಾನ. ಟೈರ್ ಹೋದ್ರ ಹೊಸಾದು ಯಾವ ರೊಕ್ಕದಾಗ ತರ್ತಾನ? ನೋಡೂಣು."

ಟೈರಿಗೆ ದುಡ್ಡಿರಲಿಕ್ಕಿಲ್ಲ ಎಂದಷ್ಟೇ ಅವಳ ಎಣಿಕೆ. ಟೈರೇ ಸಿಗದಂಥ ಕಾಲ ಬಂದೀತೆಂದು ಅವಳೂ ಎಣಿಸಿರಲಿಲ್ಲ. ಯುದ್ಧದಲ್ಲಿ ಜಪಾನಿನವರು ರಬ್ಬರು ಬೆಳೆಯುವ ಸೀಮೆ ಹಿಡಿದರೆಂಬ ಸುದ್ದಿ ಬಂತು. ಹುಬ್ಬಳ್ಳಿಯಲ್ಲಿ ಟೈರಿನ ಬೆಲೆ ದಿನಕ್ಕೊಂದು ಆಗಿದೆ ಎಂದು ಶೇಖಪ್ಪ ಹೇಳಿದ ದಿನವೇ ಅವಳು ಬಂಗಾರದ ಬಳೆ ಬಿಚ್ಚಿ ಮಾರಿದಳು. ಅವನ ಕೈಯಲ್ಲಿ ಸಿಕ್ಕಷ್ಟು ಟೈರು ತರಿಸಿ, ರಬ್ಬರು ಅಂಟದಂತೆ ಸೀಮೆಸುಣ್ಣದ ಪುಡಿ ಹಚ್ಚಿ ಅಟ್ಟಕ್ಕೆ ಏರಿಸಿದಳು.

ಮಳೆಗಾಲ ಕಳೆಯುವಷ್ಟರಲ್ಲಿ ರಜಾಕನ ಸೈಕಲ್ಲುಗಳು ಒಂದೊಂದಾಗಿ ಕುಂಟಿದವು. ಟೈರಿಗೆ ಚಿಂದಿ ಸುತ್ತಿದ, ಒಳಗೆ ಹುಲ್ಲು ತುರುಕಿದ. ಗಿರಾಕಿಗಳು ಅರ್ಧ ದಾರಿಯಿಂದ ನೂಕಿಕೊಂಡು ಬಂದು ಅಂಗಡಿಯ ಮುಂದೆ ಬೈದರು. ಖೈರುನ್ನಿಸಾಳ ಎರಡು ಸೈಕಲ್ಲು ಮತ್ತೆ ಬೀದಿಗಿಳಿದವು, ಅದೇ ಹಳೆಯ ದರಕ್ಕೆ. ಪರದೆಯ ಸಂದಿಯಿಂದ ಅವಳು ರಜಾಕನ ಸೈಕಲ್ಲು ನೂಕಿಕೊಂಡು ಹೋಗುವವರನ್ನು ನೋಡುತ್ತಿದ್ದಳು. ಹೊಟ್ಟೆ ತಣ್ಣಗಾಗುತ್ತಿತ್ತು.

ಕೊನೆಗೆ ರಜಾಕ ತಾನೇ ಬಂದ. ಪಕ್ಕದ ಚಹಾದಂಗಡಿಯಲ್ಲಿ ಮಂದಿ ತುಂಬಿದ್ದ ಹೊತ್ತು.

"ಭಾಭಿ, ಟೈರ್ ಅದಾವಂತ. ಮನಿ ಮಂದಿ ನಾವು. ನಾಕು ಕೊಡ್ರಿ."

"ಕೊಡೂಣಂತ. ಒಂದು ಲೆಕ್ಕ ಹೇಳು. ಮುಂಜಾನೆ ಎಂಟಕ್ಕ ಒಬ್ಬ ನನ್ನ ಸೈಕಲ್ ಒಯ್ದ, ಮಧ್ಯಾಹ್ನ ಒಂದಕ್ಕ ತಂದ. ಎಷ್ಟು ಕೊಡಬೇಕು? ಸರಿ ಹೇಳಿದ್ರ ಟೈರ್ ನಿಂದು."

ರಜಾಕ ಬೆರಳು ಮಡಚಿದ. ಬೆವರು ಒರೆಸಿದ. "ಐದು ತಾಸು. ತಾಸಿಗೆ ಎರಡರಂಗ... ಹತ್ತಾಣೆ."

ಚಹಾದಂಗಡಿಯಲ್ಲಿ ಯಾರೋ ಕಿಸಕ್ಕೆಂದರು. "ಎಂಟು ರೀ ಸಾಹೇಬ್ರ!" ಎಂದು ಶೇಖಪ್ಪ ಕೂಗಿದ. "ಮೊದಲಿನ ಎರಡು ತಾಸು ಒಂದೊಂದಾಣೆ. ಉಳಿದ ಮೂರಕ್ಕ ಆರು. ಊರಿಗೆಲ್ಲ ಗೊತ್ತದ, ನಿಮಗ ಗೊತ್ತಿಲ್ಲೇನು?" ಅಂಗಡಿ ತುಂಬ ನಗೆ ಎದ್ದಿತು. ಜಮಾತಿನ ಹಿರಿಯರೊಬ್ಬರು ಅಲ್ಲೇ ಬಶಿಯಲ್ಲಿ ಚಹಾ ಕುಡಿಯುತ್ತಿದ್ದರು. ಅವರೂ ನಕ್ಕರು.

"ಮೇಲಿನ ದರವನ್ನ ಎಲ್ಲಾದಕ್ಕೂ ಬಡದಿ" ಅಂದಳು ಖೈರುನ್ನಿಸಾ. ದನಿ ಏರಿಸಲಿಲ್ಲ. "ಸೈಕಲ್ ಮಾರಂಗಿದ್ರ ತಾ. ಟೈರ್ ಇಲ್ಲದವು, ಮೋಡಕಾ, ಗುಜರಿ ಕಬ್ಬಿಣದ ದರ ಕೊಡ್ತೇನಿ."

ಅವನು ಹಲ್ಲು ಕಡಿದು ಹೋದ. ಆದರೆ ಹದಿನೈದು ದಿನದಲ್ಲಿ ತಂದ. ಕೊಡುವ ದಿನ ಅವನ ಹೆಂಡತಿ ಮುಮ್ತಾಜ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು, "ಒಂದಾದ್ರೂ ಬಿಡ್ರಿ ಭಾಭಿ, ಹೊಟ್ಟಿಪಾಡಿಗೆ" ಎಂದು ಅತ್ತಳು. ಖೈರುನ್ನಿಸಾ ಮಗುವಿನ ಕೈಗೆ ಬೆಲ್ಲ ಕೊಟ್ಟಳು. ಸೈಕಲ್ಲು ಕೊಡಲಿಲ್ಲ. ಅಟ್ಟದ ಟೈರು ಇಳಿಸಿ ಅವೇ ಸೈಕಲ್ಲುಗಳಿಗೆ ತಾನೇ ಏರಿಸಿದಳು. ಇದು ಪಾಪ ಎಂದು ತಾಯಿ ಅಂದದ್ದಕ್ಕೆ, "ಇರಬಹುದು" ಅಂದಳು ಅಷ್ಟೇ.

ರಜಾಕ ಸಂಸಾರ ಕಟ್ಟಿಕೊಂಡು ದಾಂಡೇಲಿಗೆ ಹೋದ. ಯುದ್ಧ ಮುಗಿದು ಎರಡು ವರ್ಷಕ್ಕೆ ಖೈರುನ್ನಿಸಾ ಒಂದು ಮದುವೆಗೆಂದು ಆ ಊರಿಗೆ ಹೋಗಬೇಕಾಯಿತು. ಬಸ್ಸು ಅಲ್ಲಿನ ಕಟ್ಟಿಗೆ ಡಿಪೋದ ಮುಂದೆ ನಿಂತಾಗ, ಸಾಗುವಾನಿ ದಿಮ್ಮಿಗೆ ಹೆಗಲು ಕೊಟ್ಟ ಸಾಲಿನಲ್ಲಿ ಅವನು ಕಂಡ. ತಲೆಗೂದಲು ನೆರೆತಿತ್ತು. ಅವನೂ ಕಿಟಕಿಯತ್ತ ನೋಡಿದ, ಗುರುತು ಹಿಡಿದ. ಪಕ್ಕದಲ್ಲಿದ್ದ ಹೆಂಗಸು, "ನಿಮ್ಮವರೇನ್ರಿ?" ಎಂದು ಕೇಳಿದಳು.

"ಅಲ್ಲ" ಅಂದಳು ಖೈರುನ್ನಿಸಾ. ಬಸ್ಸು ಹೊರಡುವವರೆಗೂ ಅವನ ಮೇಲಿನ ಕಣ್ಣು ತೆಗೆಯಲಿಲ್ಲ. ಆ ದಿನ ಮದುವೆಮನೆಯಲ್ಲಿ ಅವಳು ಎರಡೆರಡು ಸಲ ಬಡಿಸಿಕೊಂಡು ಉಂಡಳು.