ಕಾಲು ನೋಡುವ ಸಿಸ್ಟರ್

ಸಿಸ್ಟರ್ ಅವರ ಹೆಬ್ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು. ಒಬ್ಬೊಬ್ಬರ ಪಾದ ಮುಟ್ಟಿದ ಮೇಲೂ ನಲ್ಲಿಗೆ ಹೋಗಿ ಕೈ ತೊಳೆದು ಬರುತ್ತಿದ್ದರಲ್ಲ, ಅದಕ್ಕೆ. ಮೊದಲ ಸಲ ನನ್ನ ಅಂಗಾಲಿಗೆ ಒತ್ತಿ, "ತಣ್ಣಗಿದ್ಯಾ ಮೇಡಂ?" ಎಂದರು. "ಏನು ತಣ್ಣಗೆ?" ಎಂದೆ. ಅದೇ ಬೆರಳನ್ನು ನನ್ನ ಮಣಿಕಟ್ಟಿಗೆ ಇಟ್ಟರು. ಐಸ್! ಡಯಾಬಿಟಿಸ್ ನನ್ನ ಪಾದಗಳನ್ನು ಮರಗಟ್ಟಿಸಿದೆ ಎಂದು ತಿಳಿದದ್ದು ಆಗಲೇ.

ಗೋವಿಂದರಾಜನಗರದಲ್ಲಿ ನಮ್ಮ ಹಿಂದಿನ ರಸ್ತೆಯ ಪುಟ್ಟ ಸರ್ಕಾರಿ ಕ್ಲಿನಿಕ್ಕಿನಲ್ಲಿ ಅವರು ನರ್ಸ್; ಅವರದು ಅದೊಂದೇ ಕೆಲಸ, ಸಕ್ಕರೆ ಕಾಯಿಲೆಯವರ ಕಾಲು ನೋಡುವುದು. ತಲೆ ನರೆತ ಹೆಂಗಸು ನೆಲದ ಮೇಲೆ ಕೂತು ಪಾದಕ್ಕೆ ಕೈ ಹಾಕಿದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಬಾಗಲಕೋಟೆ ಕಡೆಯ ಗಾರೆ ಕೆಲಸದವನೊಬ್ಬ, "ಬ್ಯಾಡ್ರಿ ಯವ್ವಾ! ನೀವು ಹಿರ್ಯಾರು, ನನಗ ಪಾಪ ಹತ್ತತೈತ್ರಿ" ಎಂದು ಎರಡೂ ಕಾಲನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡುಬಿಟ್ಟ. ಸಿಸ್ಟರ್ ಅವನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ತಗೋಳಪ್ಪ, ಆಶೀರ್ವಾದ ಮಾಡಿದ್ದಾಯ್ತು. ಈಗ ಕಾಲು ಕೆಳಗಿಡು." ಬೆಂಚಿಗೆ ಬೆಂಚೇ ನಕ್ಕಿತು. ನಮ್ಮ ಕಾನ್ವೆಂಟಿನ ಮದರ್ ವರ್ಷವಿಡೀ ಹ್ಯುಮಿಲಿಟಿ ಬಗ್ಗೆ ಲೆಕ್ಚರ್ ಕೊಡುತ್ತಿದ್ದರು. ನಾನು ಅದನ್ನು ಕಣ್ಣಾರೆ ಕಂಡದ್ದು ಆ ಕ್ಲಿನಿಕ್ಕಿನಲ್ಲಿ.

ಒಂದು ಏಪ್ರಿಲ್‌ನಲ್ಲಿ ಅವರ ಜಾಗ ಖಾಲಿ. ಬಜೆಟ್ ಕಟ್ ಆಗಿದೆ, ಕಾಂಟ್ರಾಕ್ಟ್ ರಿನ್ಯೂ ಆಗಲಿಲ್ಲ ಎಂದರು ಕ್ಲಿನಿಕ್ಕಿನವರು. ತಿಂಗಳಿಗಾಗುವಷ್ಟು ಕೊಡುತ್ತಿದ್ದ ಮಾತ್ರೆಗಳೂ ವಾರಕ್ಕಿಳಿದವು. ದಿನಗೂಲಿಯವರು ವಾರವಾರ ಕೆಲಸ ಬಿಟ್ಟು ಬರುವುದುಂಟೇ? ಕ್ಲಿನಿಕ್ಕಿಗೆ ಬರುವುದನ್ನೇ ಬಿಟ್ಟರು.

ಸಿಸ್ಟರ್‌ಗೆ ಫೋನ್ ಮಾಡಿದೆ. ಕೆಂಗೇರಿಯಲ್ಲಿ ಅವರ ಮನೆ ಹತ್ತಿರದ ನರ್ಸಿಂಗ್ ಹೋಮ್ ಸೇರಿದ್ದರು. "ನಿಮ್ಮ ಕಾರ್ ಶೆಡ್ ಖಾಲಿ ಇದೆಯಲ್ವಾ ಮೇಡಂ? ಭಾನುವಾರ ಬರ್ತೀನಿ. ನೀರು, ಸೋಪು ಇಟ್ಟಿರಿ, ಸಾಕು." ಕೇಳಿದ್ದಲ್ಲ, ಅಪ್ಪಣೆ ಮಾಡಿದ್ದು! ಇದ್ದೊಂದು ರಜೆಯಲ್ಲಿ ಮೆಟ್ರೋ ಹತ್ತಿ ಬಂದು ನಮ್ಮ ಶೆಡ್ಡಿನಲ್ಲಿ ಕೂತರು. ಸುದ್ದಿ ತಲುಪಿದವರು ಬಂದರು. ಗಾರೆ ಕೆಲಸದವನು ಬರಲಿಲ್ಲ. ಕಾಲಿನ ಗಾಯ ಕೊಳೆತು, ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿ, ಊರಿಗೆ ಕರೆದುಕೊಂಡು ಹೋದರಂತೆ; ಅವನ ಜೊತೆಯವರು ಹೇಳಿದರು.

ಎಂದೂ ದನಿ ಏರಿಸದ ಸಿಸ್ಟರ್ ಅಂದು ಗೇಟು ಅದುರುವಂತೆ ಹೇಳಿದರು: "ಕಾಲು ಕತ್ತರಿಸೋಕೆ ದುಡ್ಡಿದೆ ಮೇಡಂ, ಕಾಲು ನೋಡೋಕೆ ಇಲ್ಲ!"

ಮುಂದೊಂದು ಭಾನುವಾರ ನನ್ನ ಸರದಿ. ಸೊಸೆಯ ತಂಗಿಯ ಮದುವೆಯಲ್ಲಿ ಹೊಸ ಸ್ಯಾಂಡಲ್ ಹಾಕಿ ಓಡಾಡಿದ್ದೆ. ಕಿರುಬೆರಳ ಅಡಿಯಲ್ಲಿ ಗುಳ್ಳೆ ಎದ್ದು, ಒಡೆದು, ಕೀವಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

"ಸ್ಯಾಂಡಲ್ ಬಹಳ ಚೆನ್ನಾಗಿದೆ. ಯಾವುದು ಬೇಕು ಹೇಳಿ, ಅದಾ, ಕಾಲಾ?"

"ನಾಳೆ ಹೋಗಿ ಡಾಕ್ಟರಿಗೆ ತೋರಿಸ್ತೀನಿ ಸಿಸ್ಟರ್."

"ನಾಳೆ ಅಂದೋರನ್ನೆಲ್ಲ ನೋಡಿದೀನಿ. ಏಳಿ!" ಅವರೇ ಆಟೋ ನಿಲ್ಲಿಸಿ, ಪಕ್ಕದಲ್ಲಿ ಕೂತು ಕರೆದುಕೊಂಡು ಹೋದರು. ಗಾಯ ಮಾಯಲು ಬಹಳ ವಾರ ಹಿಡಿಯಿತು. ಬೆರಳು ಕೂಡ ಹೋಗಲಿಲ್ಲ.

ಹೋದ ತಿಂಗಳು ಸಿಸ್ಟರ್ ಹಾರ್ಟ್ ಅಟ್ಯಾಕಿನಲ್ಲಿ ತೀರಿಕೊಂಡರು. ಕೆಂಗೇರಿ ಸ್ಟೇಷನ್ನಿನಲ್ಲಿ ಇಳಿದು, ಅವರಿವರನ್ನು ಕೇಳಿಕೊಂಡು ಮನೆ ಹುಡುಕಿದೆ. ಮಗಳು ಬಾಗಿಲಿಗೆ ಬಂದು ಕೈ ಹಿಡಿದುಕೊಂಡಳು.

"ಇಷ್ಟು ದೂರ... ಆಟೋದಲ್ಲಿ ಬಂದ್ರಾ ಆಂಟಿ?"

"ಇಲ್ಲಮ್ಮ, ಸ್ಟೇಷನ್ನಿಂದ ನಡ್ಕೊಂಡೇ ಬಂದೆ" ಎಂದೆ. "ನಿಮ್ಮಮ್ಮನ ಮನೆಗೆ ನಡ್ಕೊಂಡೇ ಬರ್ಬೇಕಿತ್ತು."